ಇಳಿಸದ ಬುಟ್ಟಿ

ಹೂಂ ಅನ್ನೋರಿದ್ರೆ ಹೇಳ್ತೀನಿ, ಇಲ್ದಿದ್ರೆ ಕತೇನ ಗಂಟು ಕಟ್ಟಿ ಅಟ್ಟಕ್ಕೆ ಎಸೀತೀನಿ. ಹೂಂ ಅನ್ರಿ. ಹಾಂ, ಹಂಗೆ.

ಯಾವುದೋ ಒಂದು ಸೀಮೆ. ಅಲ್ಲೊಬ್ಬ ದೊರೆ. ಅವನಿಗೆ ಯಾರು ಕಿವಿ ಊದಿದರೋ ಕಾಣೆ, ಒಂದಿನ ಡಂಗುರ ಹೊಡಿಸಿದ. ಗಂಡನಿಲ್ಲದವಳು ಸಂತೆ ಕಟ್ಟೆ ಮೇಲೆ ಕೂರಂಗಿಲ್ಲ. ಅವಳ ಹೊರೆಗೆ ಯಾರೂ ಕೈ ಹಾಕಂಗಿಲ್ಲ. ಹಾಕಿದೋರು ಊರು ಬಿಡಬೇಕು.

ಆ ಊರಲ್ಲಿ ಕುಂಬಾರರ ಹೊನ್ನೀರಮ್ಮ ಅಂತ ಒಬ್ಬಳು. ಗಂಡ ತೀರಿಹೋದ ಮೇಲೆ ಅವನ ತಿಗರೀನ ತಾನೇ ತಿರುಗಿಸಿ ಮಡಕೆ ಮಾಡ್ತಿದ್ದಳು. ಮನೇಲಿ ಮಾತಿಗೆ ಯಾರೂ ಇಲ್ಲ. ಹಿತ್ತಲ ಮೋಟುಗೋಡೆ ಮೇಲೆ ಬುಟ್ಟಿ ಇಟ್ಟು, ಒಂದೊಂದೇ ಮಡಕೆ ಜೋಡಿಸಿ, ಕೆಳಗೆ ನಿಂತು ತಲೆ ಒಡ್ಡೋಳು. ಹೊರೋಕೆ ಗೋಡೆ ಆಯ್ತು. ಸಂತೇಲಿ ಇಳಿಸೋಕೆ? ಇನ್ನೊಂದು ಜೊತೆ ಕೈ ಬೇಕಲ್ಲ. ಒಬ್ಬಳೇ ಇಳಿಸಿದ್ರೆ ಮಡಕೆ ಚೂರು. ಇಳಿಸದಿದ್ರೆ ಹೊಟ್ಟೆಗಿಲ್ಲ.

ಮೊದಲನೇ ಸಂತೆ. ಬುಟ್ಟಿ ಹೊತ್ಕೊಂಡು ಕಟ್ಟೆ ಮುಂದೆ ನಿಂತಳು. ಬೈಲಿಲ್ಲ, ಬೇಡಲಿಲ್ಲ, ಸುಮ್ಮನೆ ನಿಂತಳು. ಜನ ನಕ್ಕರು. ಬಿಸಿಲು ಇಳಿಯೋವರೆಗೂ ನಿಂತು, ಹೊತ್ತ ಬುಟ್ಟೀನ ಹೊತ್ಕೊಂಡೇ ಮನೆಗೆ ಹೋದಳು.

ಎರಡನೇ ಸಂತೆ. ನಗೋರೂ ಇಲ್ಲ. ವರ್ಷಾನುಗಟ್ಟಲೆ ಅವಳ ಮಡಕೇಲಿ ಬೇಯಿಸಿ ಉಂಡೋರು ಮುಖ ತಿರುಗಿಸ್ಕೊಂಡು ಹೋದರು. ಕೇಳ್ರಿ, ಕತ್ತು ನೋವು ತಡೀಬಹುದು, ಇದನ್ನ ತಡಿಯೋದು ಕಷ್ಟ. ಅವತ್ತು ಮನೆಗೆ ಬಂದು ಹಿತ್ತಲ ಗೋಡೆ ಹತ್ರಾನೇ ಕೂತು ಅತ್ತಳು. ಯಾಕವ್ವ ಅಂತ ತಿಗರಿ ಕೇಳುತ್ತಾ? ಇಲ್ಲ.

ಮೂರನೇ ಸಂತೆ. ಕಟ್ಟೆ ಮೇಲೆ ಬಳೆಗಾರ್ತಿ ನಿಂಗಕ್ಕ ಕೂತಿದ್ದಳು. ಗಂಡ ಇದ್ದೋಳು, ಕೂರೋಕೆ ಅಡ್ಡಿಯಿಲ್ಲ. ಹೊನ್ನೀರಮ್ಮನ ಕಾಲು ನಡುಗೋದು ಕಂಡು, ಬಳೆ ಮಲಾರ ಅಲ್ಲೇ ಬಿಟ್ಟು, ಎದ್ದು ಬಂದು ಪಕ್ಕದಲ್ಲಿ ನಿಂತಳು. ಬುಟ್ಟಿ ಮುಟ್ಟಲಿಲ್ಲ. ನೀನ್ಯಾಕಕ್ಕ ಎದ್ದೆ ಅಂತ ಹೊನ್ನೀರಮ್ಮ ಕೇಳಿದಳು.

"ನೀನು ನಿಂತಿರೋವಾಗ ನಂಗೆ ಕೂರೋಕೆ ಆಗ್ತಿಲ್ಲ ಕಣವ್ವ."

ಆಮೇಲೆ ಸೊಪ್ಪಿನೋಳು ಎದ್ದಳು. ಮೊಸರಿನೋಳು ಎದ್ದಳು. ಕಟ್ಟೆ ಬರಿದಾಯ್ತು, ಸಂತೆ ನಿಂತೋಯ್ತು. ಸುದ್ದಿ ಮುಟ್ಟಿ ದೊರೇನೇ ಬಂದ. ಬುಟ್ಟಿ ಇಳಿಸಿ ಮಾತಾಡು ಅಂದ.

"ಒಬ್ಬಳೇ ಇಳಿಸೋಕೆ ಆಗಲ್ಲ ಬುದ್ಧಿ. ಕೈ ಹಾಕಿದೋರು ಊರು ಬಿಡಬೇಕು."

ದೊರೆ ಬಂಟರನ್ನ ನೋಡಿದ. ಬಂಟರು ನೆಲ ನೋಡಿದರು. ಅಷ್ಟರಲ್ಲಿ ಅವಳ ಕಾಲು ಸೋತು ಬುಟ್ಟಿ ವಾಲಿತು. ದೊರೆ ಕೈ ತಾನಾಗೇ ಮೇಲೆ ಹೋಯ್ತು. ಹಿಡಿದ. ಇಳಿಸಿದ. ಆಮೇಲೆ ತನ್ನ ಕೈ ತಾನೇ ನೋಡ್ಕೊಂಡ.

ಈಗ ಹೇಳ್ರಿ, ದೊರೆ ಊರು ಬಿಡಬೇಕೋ, ಕಾಯ್ದೆ ಬಿಡಬೇಕೋ? ಕಾಯ್ದೆ ಬಿಟ್ಟ.

ಹೊನ್ನೀರಮ್ಮ ಕಟ್ಟೆ ಮೇಲೆ ಕೂತಳು. ಮಡಕೆ ಹೆಂಗವ್ವ ಅಂತ ಯಾರೋ ಕೇಳಿದರು. ಮೂರು ವಾರದಿಂದ ಯಾರೂ ಏನೂ ಕೇಳಿರಲಿಲ್ಲ ನೋಡ್ರಿ, ಅವಳು ಬೆಲೆ ಹೇಳೋದು ಬಿಟ್ಟು ಮಡಕೆ ತಟ್ಟಿ, ಟಣ್ ಅನ್ನಿಸಿ ಅವರ ಕೈಗೆ ಕೊಟ್ಟಳು.

ಅವಳ ಬುಟ್ಟಿ ಅಲ್ಲಿ ಇಳೀತು, ನನ್ನ ಕತೆ ಇಲ್ಲಿ ಇಳೀತು. ಏಳ್ರಿ ಇನ್ನು. ಪಕ್ಕದೋರಿಗೆ ಕೈ ಕೊಟ್ಟು ಏಳ್ರಿ.