ವಾಯುನೆಲೆಯ ಸದ್ದು ಕೇಳಿದವರು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಹೊಸ ಕಾರ್ಖಾನೆಯ ಮ್ಯಾನೇಜರ್ ಸಾಹೇಬರೇ, ಕಾದು ಕಾದು ಸುಸ್ತಾಗಿರುವ ಸಭಿಕರೇ,

ಹಳೆಯ ವಾಯುನೆಲೆಯ ಇತಿಹಾಸದ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಇತಿಹಾಸವನ್ನು ನನಗಿಂತ ಮುಂಚಿನವರೇ ಹೇಳಿ ಮುಗಿಸಿಬಿಟ್ಟರು. ಯುದ್ಧ ಬಂತು, ರನ್‌ವೇ ಹಾಕಿದರು, ವಿಮಾನ ಹಾರಿಸಿದರು, ಆಮೇಲೆ ಗೇಟಿಗೆ ಬೀಗ ಜಡಿದರು. ಅಷ್ಟೇ. “ಆ ವಿಮಾನಗಳ ಸದ್ದೇ ನಮ್ಮೂರಿನ ಸಂಗೀತವಾಗಿತ್ತು” ಎಂದರು ಅಧ್ಯಕ್ಷರು. ಸಂಗೀತ! ಸ್ವಾಮಿ, ತಾವು ಈ ಊರಿಗೆ ಬಂದದ್ದೇ ನೆಲೆ ಮುಚ್ಚಿದ ಮೇಲಲ್ಲವೇ?

ಆ ಸಂಗೀತವನ್ನು ಹತ್ತಿರದಿಂದ ಕೇಳಿದವರು ನನ್ನ ಅಪ್ಪ. ರಿಪೇರಿಯಾದ ಎಂಜಿನ್ನುಗಳನ್ನು ಶೆಡ್ಡಿನಲ್ಲಿ ಓಡಿಸಿ ನೋಡುವ ಮೆಕ್ಯಾನಿಕ್. ಕಿವಿಗೆ ಹತ್ತಿ ಕೇಳಿದರೆ ಮೇಲಿನವರು “ಅಭ್ಯಾಸ ಆಗುತ್ತೆ ಬಿಡಪ್ಪಾ” ಎನ್ನುತ್ತಿದ್ದರಂತೆ. ಆಯಿತು, ಅಭ್ಯಾಸವಾಯಿತು. ಮನೆಯಲ್ಲಿ ನಾವೆಲ್ಲ ಕಿರುಚಿಯೇ ಮಾತಾಡುತ್ತಿದ್ದೆವು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, ಒಳಗೆ ಜಗಳ ನಡೆಯುತ್ತಿದೆ ಎಂದುಕೊಂಡು ಬಾಗಿಲಿನಿಂದಲೇ ವಾಪಸು ಹೋದರು. ನಗಬೇಡಿ. ಒಳ್ಳೆಯ ಸಂಬಂಧವಾಗಿತ್ತು.

ವರ್ಷಕ್ಕೊಮ್ಮೆ ನೆಲೆಯ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ. ವೈದ್ಯರು ಬೆನ್ನ ಹಿಂದೆ ನಿಂತು, ಚೀಟಿ ನೋಡಿಕೊಂಡು ಮೆಲ್ಲಗೆ ಒಂದೊಂದು ಪದ ಹೇಳುವುದು, ಅಪ್ಪ ಅದನ್ನು ಹಾಗೇ ಮತ್ತೆ ಹೇಳುವುದು. ಫೇಲಾದರೆ ಕೆಲಸವೂ ಇಲ್ಲ, ನೆಲೆಯವರು ಕೊಟ್ಟ ಮನೆಯೂ ಇಲ್ಲ. ನನ್ನ ಅಮ್ಮ ಅದೇ ಆಸ್ಪತ್ರೆಯ ಆಯಾ. ಎದುರಿನ ಕಿಟಕಿ ಒರೆಸುವ ನೆಪದಲ್ಲಿ ನಿಂತು, ಪ್ರತಿ ಪದವನ್ನೂ ದನಿಯಿಲ್ಲದೆ ತುಟಿಯಲ್ಲೇ ಹೇಳಿಕೊಡುತ್ತಿದ್ದಳು. ಅಪ್ಪ ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಹೀಗೇ ನಡೆಯಿತು. ಒಂದು ಸಲ ವೈದ್ಯರು ಬೇಸರದಿಂದ, “ಆಯಾ, ಬೆಳಕಿಗೆ ಅಡ್ಡ ನಿಂತಿದ್ದೀಯ, ಪಕ್ಕಕ್ಕೆ ಸರಿ” ಎಂದರು. ಅಮ್ಮ ಅಭ್ಯಾಸಬಲದಿಂದ ಅದನ್ನೂ ತುಟಿಯಲ್ಲಿ ಹೇಳಿಬಿಟ್ಟಳು. ಅಪ್ಪ ಎದೆಯುಬ್ಬಿಸಿ, “ಆಯಾ, ಬೆಳಕಿಗೆ ಅಡ್ಡ ನಿಂತಿದ್ದೀಯ, ಪಕ್ಕಕ್ಕೆ ಸರಿ!” ಎಂದರು.

ನಗಿ, ಈಗ ನಗಿ. ವೈದ್ಯರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಕ್ಕು ಏನು ಮಾಡಿದರು ಗೊತ್ತೇ? “ಒಳ್ಳೇ ಕೆಲಸಗಾರ, ಇರಲಿ” ಎಂದು ಪಾಸು ಮಾಡಿ ಅದೇ ಶೆಡ್ಡಿಗೆ ಕಳಿಸಿದರು. ಪೂರ್ತಿ ಕಿವುಡಾಗುವವರೆಗೂ ದುಡಿಸಿಕೊಂಡರು. ಆಮೇಲೆ, “ವಯಸ್ಸಾಯಿತಲ್ಲ, ಕಿವಿ ಮಂದವಾಗುವುದು ಸಹಜ” ಎಂದು ಮನೆಗೆ ಕಳಿಸಿದರು. ಅಪ್ಪನಿಗೆ ಆಗಿನ್ನೂ ನಲವತ್ತು ದಾಟಿರಲಿಲ್ಲ, ಮಹನೀಯರೇ!

ಅಮ್ಮ ಕೊನೆಯವರೆಗೂ ಅದನ್ನೇ ನೆನೆದು ಕೊರಗುತ್ತಿದ್ದಳು. “ಮೊದಲನೇ ಸಲವೇ ನಾನು ಸುಮ್ನಿದ್ದಿದ್ರೆ ಅರ್ಧ ಕಿವಿಯಾದ್ರೂ ಉಳೀತಿತ್ತು ಕಣ್ರೀ.” ಅಪ್ಪ ಅವಳ ತುಟಿ ನೋಡಿ, “ಮಕ್ಕಳು ಉಪವಾಸ ಬೀಳ್ಲಿಲ್ವಲ್ಲ, ಬಿಡೇ” ಎನ್ನುತ್ತಿದ್ದರು. ಇದನ್ನು ಇಲ್ಲಿ ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಮ್ಯಾನೇಜರ್ ಸಾಹೇಬರೇ, ಸೋಮವಾರದಿಂದ ಅದೇ ಶೆಡ್ಡಿನಲ್ಲಿ ತಮ್ಮ ಎಂಜಿನ್ನುಗಳು ಓಡುತ್ತವೆ. ಈ ಊರಿನ ಹುಡುಗ ಹುಡುಗಿಯರು ಅವುಗಳ ಪಕ್ಕದಲ್ಲಿ ನಿಲ್ಲುತ್ತಾರೆ. ನನ್ನ ಕಿರಿಯ ಮಗಳೂ ನಿಲ್ಲುತ್ತಾಳೆ. ಕಿವಿಗವಸು ಎಲ್ಲಿ ಎಂದು ತಮ್ಮ ಆಫೀಸಿಗೆ ಬಂದು ಕೇಳಿದೆ. “ಬರುತ್ತೆ ಮೇಡಂ” ಎಂದರು. ಮತ್ತೆ ಹೋದೆ. “ದಾರಿಯಲ್ಲಿದೆ ಮೇಡಂ” ಎಂದರು. ಯಾವ ದಾರಿ ಸ್ವಾಮಿ ಅದು? ನಡೆದುಕೊಂಡು ಬರುತ್ತಿದೆಯೇ?

ಆದ್ದರಿಂದ ಇಡೀ ಸಭೆಯ ಎದುರಿನಲ್ಲೇ ಕೇಳುತ್ತಿದ್ದೇನೆ. ಕಿವಿಗವಸು ಬರುವವರೆಗೆ ಎಂಜಿನ್ ಚಾಲೂ ಮಾಡುವುದಿಲ್ಲ ಎಂದು ಹೇಳುತ್ತೀರಾ? ಉತ್ತರ ಸಿಗುವವರೆಗೆ ನಾನು ಈ ಮೈಕು ಬಿಡುವವಳಲ್ಲ. ಮುಂದೆ ಊಟವಿದೆ, ಎಲ್ಲರಿಗೂ ಹಸಿವಾಗಿದೆ, ಯೋಚಿಸಿ.

ಏನಂದಿರಿ? ಹಾಗಲ್ಲ, ಎದ್ದು ನಿಂತು ಹೇಳಿ. ಕೊನೆಯ ಸಾಲಿನವರಿಗೂ ಕೇಳಿಸಬೇಕು.

“ಮಾಡುವುದಿಲ್ಲ” ಎಂದರು. ಎಲ್ಲರೂ ಕೇಳಿಸಿಕೊಂಡಿರಲ್ಲ? ಸಂತೋಷ. ಸೋಮವಾರ ಬೆಳಿಗ್ಗೆ ನಾನು ಗೇಟಿನ ಹತ್ತಿರ ಇರುತ್ತೇನೆ. ಬಿಡುವಿದ್ದವರು ಬನ್ನಿ.

ತಾಳ್ಮೆಯಿಂದ ಕೇಳಿದವರಿಗೂ, ತಾಳ್ಮೆ ಕಳೆದುಕೊಂಡು ಕೇಳಿದವರಿಗೂ ಕೃತಜ್ಞತೆಗಳು. ನಮಸ್ಕಾರ.