ನೀರು ಅನ್ನು, ಮಿತ್ರಾ

ಊಹೂಂ, ಕೈ ಎಳೀಬೇಡ ಮಿತ್ರಾ! ತಾತನ ಕೈನ ಬಿಂದಿಗೆ ಮೇಲೆ ತಂದಿಟ್ರೆ ಆಯ್ತಾ? ಬಾಯಲ್ಲಿ ಕೇಳು. ಎಲ್ಲಿ, ಅನ್ನು... ನೀ... ರು...

ಯಾಕವ್ವ ನಗ್ತೀಯಾ? ನನ್ನ ತುಟಿ ಗುಂಡಗಾಗೋದು ನೋಡಿ ನಗುವಾ? ನಗು, ನಗು. ನಗ್ತಾ ನಗ್ತಾನೇ ಒಂದ್ಸಲ ಅಂದ್ಬುಡು!

ನಾನು ಯಾರು ಅಂದ್ಕೊಂಡಿದೀಯಾ? ಬಿ.ಎ. ಮಂಟಯ್ಯ! ರಿಟೈರಾಗೋವರ್ಗೂ ಹುಣಸೂರು ಬಸ್‌ಸ್ಟ್ಯಾಂಡಲ್ಲಿ ಮೈಕು ಹಿಡಿದವನು. 'ಹನಗೋಡು, ವೀರನಹೊಸಹಳ್ಳಿ ಕಡೆಗೆ ಹೋಗುವ ಪ್ರಯಾಣಿಕರು...' ಅಂದ್ರೆ ಕಡ್ಲೆಕಾಯಿ ಮಾರೋರೂ ತಿರುಗಿ ನೋಡೋರು. ಅಂಥವನ ಮೊಮ್ಮಗಳ ಬಾಯಲ್ಲಿ ಒಂದು ಮಾತಿಲ್ಲ ಅಂದ್ರೆ! ಆಟಿಸಂ ಅಂತೆ. ಇರ್ಲಿ ಬುಡು. ಆರು ವರ್ಷ ತುಂಬ್ತಲ್ಲ ಕಂದ, ಇನ್ಯಾವಾಗ?

ಯಾಕೆ ಕಿವಿ ಮುಚ್ಕೊಂಡೆ? ಜೋರಾಯ್ತಾ? ಸರಿ, ಮೆಲ್ಲಗೆ ಹೇಳ್ತೀನಿ. ನೀರು.

ಗೋಡೆ ಕಡೆ ಏನು ನೋಡ್ತೀಯಾ? ಅಲ್ಲಿ ಬರೀ ಮೊಳೆ ಇದೆ. ಚಿತ್ರದ ಕಾರ್ಡಿನ ಚೀಲಾನ ನಿಮ್ಮಮ್ಮ ತಗೊಂಡೋದ್ಲು ಅಂತ ಬೆಳಿಗ್ಗೇನೇ ಹೇಳಿದ್ನಲ್ಲ. ಮಾತು ಕಲಿಸೋಕೆ ಬರ್ತಾರಲ್ಲ ಪ್ರಿಯಾ ಮೇಡಮ್ಮು, ಅವರದ್ದೊಂದು ಪಾಠ: 'ನೀರಿನ ಚಿತ್ರ ತಂದುಕೊಟ್ರೆ ನೀರು ಕೊಡಿ ಸಾರ್, ಅದೂ ಮಾತೇ.' ಅದೆಂಥ ಮಾತು? ಚಿತ್ರ ಕೈಗೆ ಸಿಕ್ಕಿದ್ಮೇಲೆ ನೀನ್ಯಾಕೆ ಬಾಯಿ ಬಿಡ್ತೀಯಾ?

ಅಯ್ಯೋ, ಅಳಬೇಡ... ಹಣೆ ಚಚ್ಕೋಬೇಡ ಕಣವ್ವ! ಕೇಳಿಲ್ಲಿ... ನಿಮ್ಮಮ್ಮ ಸುಧಾಗೆ ಫೋನ್ ಮಾಡಿ ಹೇಳ್ಬುಟ್ಟಿದೀನಿ, 'ನಿನ್ನ ಮಗಳು ನೀರು ಅಂದ್ಲು' ಅಂತ. ಪಿರಿಯಾಪಟ್ಟಣದ ಆಸ್ಪತ್ರೆಯಿಂದ ನರ್ಸ್ ಡ್ಯೂಟಿ ಅರ್ಧಕ್ಕೇ ಬಿಟ್ಟು ಬರ್ತಿದಾಳೆ. ಬಸ್ಸು ಹತ್ತಿ ಫೋನ್ ಮಾಡಿದ್ಲು, ಖುಷೀಲಿ ಅಳ್ತಾ ಕೂತಿದಾಳೆ ಕಣೇ! ಬಂದು ಬಾಗಿಲಲ್ಲಿ ನಿಂತ್ರೆ ನಾನೇನು ಹೇಳ್ಲಿ? ಒಂದೇ ಒಂದ್ಸಲ... ನಿನ್ನ ಕಾಲಿಗೆ ಬೀಳ್ತೀನಿ...

ತುಟಿ ಒಣಗೋಯ್ತಲ್ಲ. ತಗೋ, ಕುಡಿ. ನಿಧಾನ, ನೆತ್ತಿಗೆ ಹತ್ತೀತು. ಇನ್ನಷ್ಟು ಬೇಕಾ? ಕುಡಿ, ಕುಡಿ. ಹಾಂ, ಈಗ ಅನ್ನು. ಈಗ ಕುಡಿದ್ಯಲ್ಲ, ಅದೇನು? ನೀ...

ಎಲ್ಲಿಗೆ ಎಳ್ಕೊಂಡು ಹೋಗ್ತೀಯಾ? ಅಡುಗೆಮನೇಲಿ ಏನಿಲ್ಲ. ಬೇಡ! ರಾಗಿ ಡ್ರಮ್ಮಿಗೆ ನನ್ನ ಕೈ ಯಾಕೆ ತುರುಕ್ತೀಯಾ... ಮಿತ್ರಾ...

ನಾನು ಅದನ್ನಿಲ್ಲಿ ಹೂತಿಡುವಾಗ ನೋಡ್ತಾ ನಿಂತಿದ್ದೆಯಾ?

ಯಾಕಂಗೆ ನೋಡ್ತೀಯಾ? ನಿನ್ನ ಒಳ್ಳೇದಕ್ಕೇ ಕಣವ್ವ... ಆಯ್ತು, ತಗೋ ನಿನ್ನ ಚೀಲ. ಇಗೋ ನೀರಿನ ಚಿತ್ರ. ಬೇಡ್ವಾ? ಇನ್ಯಾವುದು ಹುಡುಕ್ತೀಯಾ? ಇದಾ? ನಂಗಾ? ಎತ್ತಿ ಹಿಡಿದ ಅಂಗೈ ಚಿತ್ರ... ಕೆಳಗೇನೋ ಬರೆದಿದಾರೆ ಪ್ರಿಯಾ ಮೇಡಮ್ಮು...

'ಸಾಕು.'

...ಗೇಟು ಸದ್ದಾಯ್ತು ಮಿತ್ರಾ. ನಿಮ್ಮಮ್ಮ.