ಬಿಚ್ಚೋಕೆ ಬಾರದ ಭಾಗ

ಇಲ್ಲ ಭಾವ, ಸ್ಟಾರ್ಟ್ ಮಾಡಬೇಡಿ. ಸದ್ದು ಕೇಳಿ ವರ್ಷ ಹೇಳೋರು ಬೇರೆ ಇದ್ದಾರೆ, ನಾನು ಕಣ್ಣಲ್ಲಿ ನೋಡಿ ಹೇಳೋಳು. ಅಲ್ಲೇ, ಹಿತ್ತಲ ಬಾಗಿಲ ಹತ್ರ ನೆರಳಿಗೆ ನಿಲ್ಲಿಸಿ... ಹಾಂ, ಸ್ಟ್ಯಾಂಡ್ ಹಾಕಿ. ನೀವು ಆ ಚಪ್ಪಡಿ ಮೇಲೆ ಕೂತ್ಕೊಳ್ಳಿ. ಟೀ ಆರೋಗುತ್ತೆ.

ಯಾಕೆ ನಗ್ತೀರಿ? ತಮ್ಮನ ಹೆಂಡ್ತಿ ಹತ್ರ ಬೈಕು ತಂದು ತೋರಿಸೋ ಕಾಲ ಬಂತಲ್ಲ ಅಂತಾನಾ? ನಗಿ, ಪರವಾಗಿಲ್ಲ. ನನಗೂ ನಗು ಬರುತ್ತೆ. ಬಿಎಸ್ಸಿ ಓದಿ, ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳ್ಕೊಂಡಿರೋ ಹೆಂಗಸಿಗೆ ರಾಮನಗರದ ಹುಡುಗರು 'ಆರೆಕ್ಸ್ ಮೇಡಂ' ಅಂತ ಹೆಸರಿಟ್ಟಿದ್ದಾರೆ. ಕೂಸಿನ ಜಾತಕ ತೋರಿಸೋ ಹಾಗೆ ಹಳೇ ಯಮಹಾ ಆರೆಕ್ಸ್ ಬೈಕು ತಳ್ಕೊಂಡು ಬರ್ತಾರೆ. 'ಇದು ಯಾವ ವರ್ಷದ್ದು ನೋಡಿ ಮೇಡಂ.' ಹಳೇ ಗಾಡಿ ಕೂಡಿಡೋ ಚನ್ನಪಟ್ಟಣದ ಆಫ್ತಾಬ್ ಅಂತೂ ನಾನು ಹೂಂ ಅನ್ನದೆ ಒಂದು ಗಾಡಿನೂ ಕೊಳ್ಳಲ್ಲ. ಅದಕ್ಕೇ ತಾನೇ ನೀವು ಬಂದಿರೋದು? ಇಲ್ದಿದ್ರೆ ನಿಮ್ಮ ತಮ್ಮ ಬಾಲರಾಜು ಹೋದ ಮೇಲೆ ಕೆಂಪರಾಜು ಭಾವನವರು ಈ ಗೇಟು ದಾಟಿದ್ದನ್ನ ನಾನು ಕಂಡಿಲ್ಲ.

ಅದಾ? ಆ ಕುಟ್ಟೋ ಸದ್ದಾ? ಪಕ್ಕದ ಮನೆ ನಿಖಾತ್ ಇರಬೇಕು. ಈ ಹೊತ್ತಲ್ಲಿ ಟೀಗೆ ಶುಂಠಿ ಕುಟ್ತಾಳೆ. ನೀವು ಗಾಡಿ ವಿಷಯ ಹೇಳಿ. ಎಂಬತ್ತೈದರದ್ದು, ಜಪಾನಿಂದ ಬಂದ ಸಾಮಾನಲ್ಲೇ ಜೋಡಿಸಿದ್ದು ಅಂತೀರಿ. ಎಲ್ಲಿ ತಗೊಂಡ್ರಿ? ಒಸಿ ಗಟ್ಟಿಯಾಗಿ ಹೇಳಿ, ನನಗೆ ಈಚೆಗೆ ಒಂದು ಕಿವಿ ಮಂದ... ಮಾಗಡಿ. ಮಾಗಡೀಲಿ ಯಾರ ಹತ್ರ? ಓ, ಅವರು ತೀರಿಕೊಂಡ್ರಾ. ಪಾಪ. ಕಾಗದಪತ್ರನೂ ಅವರ ಜೊತೆಗೇ ಹೋಯ್ತು ಅನ್ನಿ.

ಅನುಮಾನ ಅಲ್ಲ ಭಾವ, ಎಲ್ಲರನ್ನೂ ಕೇಳ್ತೀನಿ.

ನೋಡಿ, ಕಾರ್ಬುರೇಟರ್ ಮೇಲೆ ಜಪಾನ್ ಅಂತ ಅಚ್ಚಿದೆ. ಹಾರ್ನ್ ಮೇಲೂ ಇದೆ. ಖುಷಿನಾ? ಖುಷಿ ಪಡಬೇಡಿ. ಇವೆಲ್ಲ ಬಿಚ್ಚಿ ಹಾಕೋ ಸಾಮಾನು, ಬೆಂಗಳೂರಿನ ಹಳೇ ಪಾರ್ಟಿನ ಅಂಗಡೀಲಿ ಸಿಗುತ್ತೆ. ಈ ಸ್ಟಿಕ್ಕರ್‌ಗಿನ್ನೂ ಅಂಟಿನ ವಾಸನೆನೇ ಹೋಗಿಲ್ಲ. ಬಿಚ್ಚೋಕೆ ಬರೋ ಯಾವುದನ್ನೂ ನಾನು ನಂಬಲ್ಲ. ಬಿಚ್ಚೋಕೆ ಬಾರದ್ದು ಅಂದ್ರೆ ಫ್ರೇಮು. ಇಲ್ಲಿ, ಹ್ಯಾಂಡಲ್ ಕತ್ತಿನ ಹತ್ರ, ಕಬ್ಬಿಣದ ಮೇಲೇ ನಂಬರ್ ಗುದ್ದಿರ್ತಾರೆ. ಅದು ಯಾವ ಸಾಲಿನ ನಂಬರ್ ಅಂತ ನೋಡಿದ್ರೆ ವರ್ಷ ತಾನಾಗಿ ಸಿಗುತ್ತೆ.

ಬನ್ನಿ, ಕನ್ನಡಕ ಹಾಕ್ಕೊಳ್ಳಿ. ಉಗುರು ಆಡಿಸಿ. ಕಾರ್ಖಾನೇಲಿ ಗುದ್ದಿದ ಅಂಕಿ ಹೆಚ್ಚುಕಮ್ಮಿ ಒಂದೇ ಆಳ ಇರುತ್ತೆ. ಇದರಲ್ಲಿ ಐದು ಆಳಕ್ಕೆ ಇಳಿದಿದೆ, ಎಂಟು ಮೇಲ್ಮೇಲೆ ತೇಲ್ತಾ ಇದೆ, ಈ ಒಂದು ಅನ್ನೋದು ಕುಡಿದೋನ ಹಾಗೆ ಎಡಕ್ಕೆ ವಾಲಿದೆ. ಸುತ್ತ ಕಬ್ಬಿಣನೂ ತಗ್ಗು. ಹಳೇ ನಂಬರ್ ಉಜ್ಜಿ ತೆಗೆದು, ಕೈಯಲ್ಲಿ ಹೊಸದು ಗುದ್ದಿದ್ದಾರೆ.

ಯಾರು ಅಂತ ನನ್ನ ಕೇಳಿದ್ರೆ? ಆ ಮಾಗಡಿಯವರೇ ಇರಬೇಕು. ನೀವ್ಯಾಕೆ ಬೆವರ್ತೀರಿ, ನೆರಳಲ್ಲಿ ಕೂತು?

ನಿಮ್ಮ ತಮ್ಮನ ಹತ್ರನೂ ಇಂಥದ್ದೇ ಒಂದಿತ್ತು. ನೆನಪಿದೆ ತಾನೇ? ಮದುವೆ ಆದ್ಮೇಲೂ ಓದು ಅಂತ ಸಾತನೂರಿಂದ ಕನಕಪುರಕ್ಕೆ, ನನ್ನ ಕಾಲೇಜಿನ ಗೇಟಿನವರೆಗೂ ಬಿಡ್ತಿದ್ದಿದ್ದು ಅದರಲ್ಲೇ. ಅವರ ತಿಥಿ ಊಟ ಮುಗಿದು ಎಲೆ ಎತ್ತೋಷ್ಟರಲ್ಲಿ ಗಾಡಿ ಇರಲಿಲ್ಲ. 'ಸತ್ತೋನ ಗಾಡಿ ಮನೇಲಿ ಮಡಿಕ್ಕಬಾರ್ದು ಕಣವ್ವ, ಗುಜರಿಗೆ ಹಾಕ್ಬುಟ್ಟೆ, ನನ್ ಕಣ್ಮುಂದೇನೇ ಕುಯ್ದಾಕ್ಬುಟ್ರು' ಅಂದ್ರಿ. ಅತ್ತೆ ನಂಬಿದ್ರು. ಹೆತ್ತ ಮಗನ ಮಾತು. ಆ ವರ್ಷ ಆಯುಧಪೂಜೆಗೆ ಗಾಡಿ ನಿಲ್ತಿದ್ದ ಬರೀ ನೆಲಕ್ಕೆ ಕುಂಕುಮ ಇಟ್ಟು ಅತ್ರು. ನೀವು ಎದುರಿಗೇ ಕೂತು ಒಬ್ಬಟ್ಟು ತಿಂತಿದ್ರಿ. ಎರಡನೇ ಸಲ ತುಪ್ಪ ಕೇಳಿದ್ರಿ. ಬಡಿಸಿದ್ದು ನಾನೇ.

ಇರಲಿ ಬಿಡಿ. ಸೀಟು ಎತ್ತಿ ಸ್ವಲ್ಪ. ಟ್ಯಾಂಕಿನ ಬೋಲ್ಟು ನಾನೇ ಬಿಚ್ತೀನಿ... ಹೀಗೆ ಹಿಂದಕ್ಕೆ ಎಳೆದ್ರೆ ಬರುತ್ತೆ. ನೋಡಿ, ಕಣ್ಣಿಗೆ ಕಾಣೋ ಕಡೆ ಮಾತ್ರ ಕರಿ ಬಣ್ಣ ಬಳಿಸಿದ್ದಾರೆ. ಟ್ಯಾಂಕ್ ಕೆಳಗೆ ಹಾಗೇ ಬಿಟ್ಟಿದ್ದಾರೆ. ಜುಗ್ಗತನ. ಮಾಗಡಿಯವರ ಜುಗ್ಗತನ, ನಿಮ್ದು ಅನ್ನಲಿಲ್ಲ.

ಈ ಕೊಳವೆ ಮೇಲೆ ಬೆರಳಿಟ್ಟು ಉಜ್ಜಿ. ಏನು ಹತ್ತಿತು? ಗಟ್ಟಿಯಾಗಿ. ತುಕ್ಕಾ? ತುಕ್ಕಿಗೆ ಇಷ್ಟು ಕೆಂಪು ಎಲ್ಲಿಂದ ಬರಬೇಕು ಭಾವ? ಹರಳೆಣ್ಣೇಲಿ ಕಲೆಸಿದ ಕುಂಕುಮ ಅದು. ವರ್ಷವರ್ಷನೂ ಒಂದರ ಮೇಲೊಂದು ಕೂತು ಹೆಕ್ಕಳಿಕೆ ಕಟ್ಟಿದೆ. ನಮ್ಮೆಜಮಾನರಿಗೆ ಟ್ಯಾಂಕಿನ ಬಣ್ಣ ಕೆಡಬಾರದು. ಅತ್ತೆಗೆ ಕುಂಕುಮ ಇಡದೆ ಗಾಡಿ ಬೀದಿಗೆ ಇಳೀಬಾರದು. ಅದಕ್ಕೇ ಆಯುಧಪೂಜೆ ದಿನ ತಾಯಿ ಮಗ ಸೇರ್ಕೊಂಡು ಟ್ಯಾಂಕ್ ಎತ್ತೋರು. 'ಒಳಗಿಟ್ರೆ ಏನ್ಲಾ, ದೇವ್ರಿಗೆ ಕಾಣಾಕಿಲ್ವಾ?' ಅನ್ನೋರು ಅತ್ತೆ. ದೇವ್ರಿಗೆ ಕಂಡಿತೋ ಇಲ್ವೋ. ನಿಮ್ಮ ಪೇಂಟರ್‌ಗೆ ಕಾಣಲಿಲ್ಲ.

ಇನ್ನೊಂದು ಹೇಳ್ಲಾ? ಬಾಲರಾಜು ಗಾಡಿ ನಿಜವಾಗ್ಲೂ ಎಂಬತ್ತೈದರದ್ದೇ. ಅದರ ನಂಬರ್ ನನಗೆ ಈಗಲೂ ಬಾಯಿಪಾಠ. ಗುರುತು ಸಿಗಬಾರದು ಅಂತ ನೀವು ಉಜ್ಜಿಸಿದ್ದು ಯಾವುದನ್ನೋ, ಆಫ್ತಾಬ್ ಕೈಲಿ ಕೇಳಿದಷ್ಟು ಕೊಡಿಸ್ತಿದ್ದಿದ್ದೂ ಅದೇ. ಈಗ ಇದಕ್ಕೆ ವರ್ಷನೂ ಇಲ್ಲ, ಹೆಸರೂ ಇಲ್ಲ. ಹಳೇ ಗಾಡಿ ಕೂಡಿಡೋರು ಯಾರೂ ಮುಟ್ಟಲ್ಲ. ಗುಜರಿಗೆ ಹಾಕ್ಬುಟ್ಟೆ ಅಂದಿದ್ರಲ್ಲ ಭಾವ, ಇಷ್ಟು ವರ್ಷಕ್ಕೆ ನಿಮ್ಮ ಮಾತು ನಿಜ ಆಯ್ತು.

ತಪ್ಪಾಗಿದ್ರೆ ತಪ್ಪು ಅನ್ನಿ. ಮಾಗಡಿ ಅನ್ನಿ, ಇನ್ನೊಂದ್ಸಲ. ತೀರಿಕೊಂಡ್ರು ಅನ್ನಿ.

...ಏನು, ಹಿತ್ತಲ ಬಾಗಿಲ ಕಡೆ ನೋಡ್ತೀರಿ?

ಹೂಂ. ಬಾಯಿ ಮುಚ್ಕೊಂಡು ಕೂತ್ರೆ ಸದ್ದು ಚೆನ್ನಾಗಿ ಕೇಳುತ್ತೆ, ಅಲ್ವಾ. ಮೂರು ಪೆಟ್ಟು, ಒಂಚೂರು ಬಿಡುವು, ಮತ್ತೆ ಮೂರು. ಶುಂಠಿ ಹಾಗೆ ಯಾರು ಕುಟ್ತಾರೆ ಭಾವ? ಹಲ್ಲು ಹೋದೋರು ಎಲೆಅಡಿಕೆ ಕುಟ್ಟೋದು ಹಾಗೆ. ಹೆತ್ತವಳ ಕುಟ್ಟಾಣಿ ಸದ್ದು ಗುರುತು ಹಿಡಿಯೋಕೆ ಇಷ್ಟು ಹೊತ್ತು ಬೇಕಾಯ್ತಾ ನಿಮಗೆ? ಗಾಡಿ ಮಾರೋಕೆ ಬಂದಿರೋರ ಹೆಸರು ಕೆಂಪರಾಜು ಅಂತ ಆಫ್ತಾಬ್ ಹೇಳಿದ್ನಲ್ಲ, ಅವತ್ತೇ ಸಾತನೂರಿಗೆ ಫೋನ್ ಮಾಡಿದೆ. ಇವತ್ತು ಬೆಳಗಿನ ಬಸ್ಸಿಗೆ ಬಂದ್ರು. 'ಯಾಕವ್ವ ಬರೇಳ್ದೆ?' ಅಂದ್ರು. ನಾನೇನೂ ಹೇಳಲಿಲ್ಲ. ನನ್ನ ಬಾಯಲ್ಲಿ ಕೇಳಿದ್ರೆ ನಂಬ್ತಿರಲಿಲ್ಲ.

ಮತ್ತೆ, ನನ್ನ ಕಿವಿ ಚೆನ್ನಾಗೇ ಇದೆ. ಮಂದ ಆಗಿರೋದು ಅತ್ತೆಗೆ. ಅದಕ್ಕೇ ನಿಮ್ಮ ಕೈಲಿ ಗಟ್ಟಿಯಾಗಿ ಹೇಳಿಸಿದ್ದು.

ನೋಡಿ. ನಿಂತೋಯ್ತು ಸದ್ದು. ಎದ್ದು ಬರ್ತಾ ಇದ್ದಾರೆ.

ಕೂತ್ಕೊಳ್ಳಿ ಭಾವ. ಬೆರಳು ಒರೆಸ್ಕೋಬೇಡಿ. ಅವರು ನೋಡಲಿ.